ಮೂರು ಸಲ ಓದು

ಬೆಳಗಿನಿಂದ ಕಡತ ಸಾಗಿಸುತ್ತಿದ್ದೇನೆ,
ಮನೆ ಬದಲಿಸುವವಳ ಹಾಗೆ:
ಇದು ಎಲ್ಲರದ್ದು, ಮೇಲಕ್ಕೆ.
ಇದು ಒಬ್ಬನದೇ, ಇಲ್ಲೇ ಇರಲಿ.
ನಮ್ಮ ಮರಕ್ಕೆ ಬೇರು ಮೇಲೆ, ಎಲೆ ಕೆಳಗೆ,
ಯಾರಿಗೂ ಅದು ಅಚ್ಚರಿಯಲ್ಲ.
ಇಪ್ಪತ್ತೆಂಟು ವರ್ಷದಿಂದ ನಾನು ಕಾಯುವುದು
ಅದರ ಒಂದೇ ಒಂದು ಕೊಂಬೆ,
ಈಗ ಯಾರೂ ತಯಾರಿಸದ ಒಂದು ಚಿಪ್ಪಿನ ವಂಶದ್ದು.

ಕಿಟಕಿಯಾಚೆ ಬ್ರನೊ.
ತಿರುವಿನಲ್ಲಿ ಟ್ರಾಮು ಹಲ್ಲು ಕಡಿಯುತ್ತದೆ.
ಬಟ್ಟೆ ಗಿರಣಿಗಳ ಊರಾಗಿತ್ತು ಇದು.

ಮೂವತ್ತೊಂದು ಬೋರ್ಡು, ಮೂವತ್ತೊಂದು ಕೋಣೆ,
ಕೋಣೆಗೊಂದು ಗಡಿಯಾರದ ಕಡತ.
ತೆರೆದರೆ ಒಂದರ ನಕಲು ಇನ್ನೊಂದು.
ಅವಸರದಲ್ಲಿ ಯಾರೋ
ಪಕ್ಕದ ಮನೆಯಿಂದ ಹುಳಿಹಿಟ್ಟು ತಂದು
ಎರಡು ಅಂಕೆ ಬದಲಿಸಿ
ರೊಟ್ಟಿ ನಮ್ಮದೇ ಅಂದಿದ್ದಾರೆ.
ಮೊದಲನೆಯವನ ಕಾಗುಣಿತದ ತಪ್ಪು ಕೂಡ
ಹತ್ತೊಂಬತ್ತು ಕೋಣೆಗಳಲ್ಲಿ ಸಂಸಾರ ಹೂಡಿದೆ.

ಅಂಕೆಗಳನ್ನು ಹೆಕ್ಕಿ ಪಟ್ಟಿಗೆ ಹಾಕಿದೆ.
ಉಳಿದದ್ದಕ್ಕೆ ಒಂದೇ ಕಡತ ಸಾಕಾಯಿತು.
ಆರು ಸಾವಿರ ಸಾಲು ಇಳಿಯಿತು,
ಬೆನ್ನಿನ ಮೇಲಿಂದ ಎನ್ನುವ ಹಾಗೆ.

ಒಂದು ಮಾತ್ರ ಒಪ್ಪಲಿಲ್ಲ.
ಓತಾಕರ್ ಹ್ರಾಡಿಲ್ ಬರೆದದ್ದು, ಮಗ್ಗ ನಡೆಸುವ ಬೋರ್ಡಿಗೆ.
ಯಂತ್ರದ ಸ್ಥಿತಿ ಕೇಳುವಲ್ಲಿ ಒಂದು ಟಿಪ್ಪಣಿ:
"ಮೂರು ಸಲ ಓದು.
ಮೊದಲೆರಡು ಸಲ ಇದು ಸುಳ್ಳು ಹೇಳುತ್ತದೆ."
ಯಾಕೆ ಅಂತ ಬರೆದಿಲ್ಲ.
ಕೇಳೋಣವೆಂದರೆ ಓತಾಕರ್ ಹೋಗಿ ಹನ್ನೊಂದು ವರ್ಷ.

ವಾವ್ರಿನೆಟ್ಸ್‌ಗೆ ಇಪ್ಪತ್ತಾರು.
ಕಾಫಿ ಲೋಟ ಹಿಡಿದು ನನ್ನ ಹಿಂದೆ ನಿಂತ:
"ತೆಗೆದುಬಿಡಿ, ಬೊಹುಮಿಲಾ.
ಈಗ ಯಾರ ಹತ್ತಿರ ಇದೆ ಇದು?"
ನಮ್ಮ ಕಪಾಟಿನಲ್ಲೇ ಇದೆ, ಅಂದೆ.
ಬೂಟಿನ ಡಬ್ಬಿಯಿಂದ ತೆಗೆದು, ಧೂಳು ಊದಿ, ಕರೆಂಟು ಕೊಟ್ಟೆವು.
ಒಮ್ಮೆ ಓದಿದೆವು: ನಿಜ ಹೇಳಿತು.
ಇನ್ನೂರು ಸಲ ಓದಿದೆವು: ಇನ್ನೂರು ಸಲವೂ ನಿಜ.
ಹುಡುಗ ಏನೂ ಅನ್ನದೆ ಲೋಟ ತೊಳೆಯಲು ಹೋದ.
ನಡಿಗೆಯಲ್ಲೇ ಗೆದ್ದಿದ್ದ.

ಅಳಿಸಲು ಬೆರಳು ಇಟ್ಟಾಗಿತ್ತು.
ಓತಾಕರ್ ನನ್ನೊಡನೆ ಜಗಳವಾಡಿದ್ದಾನೆ,
ಸಾಲ ತೀರಿಸದೆ ಸತ್ತಿದ್ದಾನೆ,
ಆದರೆ ಒಂದು ಸಾಲನ್ನೂ ಸುಮ್ಮನೆ ಬರೆದವನಲ್ಲ.

ಆಗ ನೆನಪಾದದ್ದು ಅವನ ಕೈಗವಸು.
ಬೂದು ಉಣ್ಣೆ, ಬೆರಳ ತುದಿ ಕತ್ತರಿಸಿದ್ದು,
ಜುಲೈಯಲ್ಲೂ ಜೇಬಿನಿಂದ ಇಣುಕುತ್ತಿತ್ತು.
ಸ್ವಿತಾವಾ ಹೊಳೆಯ ದಂಡೆಯ ಆ ಗಿರಣಿಯಲ್ಲಿ
ಬೆಳಗಿನ ಪಾಳಿ ಐದೂವರೆಗೆ,
ಬಾಯ್ಲರು ಹೊತ್ತುತ್ತಿದ್ದದ್ದು ಏಳಕ್ಕೆ.

ಬೋರ್ಡನ್ನು ಕಿಟಕಿಯಾಚೆ ತಗಡಿನ ಮೇಲಿಟ್ಟು
ತಂತಿ ಒಳಗೆಳೆದು, ಸಂದಿಗೆ ಟವೆಲು ತುರುಕಿದೆ.
ಫೆಬ್ರವರಿ. ಸೊನ್ನೆಯಿಂದ ಒಂಬತ್ತು ಕೆಳಗೆ.
ಮರುದಿನ ಕೋಟು ಬಿಚ್ಚದೆಯೇ ಓದಿದೆವು:
ಸುಳ್ಳು.
ಮತ್ತೆ, ಸುಳ್ಳು.
ಮೂರನೆಯ ಸಲ, ಗಂಟಲು ಸರಿಮಾಡಿಕೊಂಡಂತೆ,
ನಿಜ.

ವಾವ್ರಿನೆಟ್ಸ್ ತಾನೇ ಕುರ್ಚಿ ಎಳೆದುಕೊಂಡ.
"ಹಾಗಾದರೆ ಇದು ಎಲ್ಲಿಗೆ ಹೋಗಬೇಕು?"
ಒಳ್ಳೆಯ ಪ್ರಶ್ನೆ.
ಚಿಪ್ಪಿನ ಗುಣವಲ್ಲ, ಬೋರ್ಡಿನದ್ದೂ ಪೂರ್ತಿಯಲ್ಲ,
ಒಂದು ಗಿರಣಿಯ ಉತ್ತರದ ಗೋಡೆಯ ಚಳಿ ಇದು.
ಮೇಲಕ್ಕೆ ಹಾಕಿದರೆ
ಬೆಚ್ಚಗಿರುವವರೆಲ್ಲ ಮೂರು ಸಲ ಓದಬೇಕು.
ಪಟ್ಟಿಗೆ ಹಾಕೋಣವೆಂದರೆ
ಆ ಚಳಿಗೆ ಒಂದು ಅಂಕಣವೇ ಇಲ್ಲ.

ಮೂವತ್ತು ಕೋಣೆ ಖಾಲಿಯಾದವು, ಒಂದನ್ನು ಉಳಿಸಿಕೊಂಡೆವು.
ಓತಾಕರನ ಟಿಪ್ಪಣಿಯ ಕೆಳಗೆ
ಹುಡುಗ ಒಂದೇ ಪದ ಬರೆದ: "ಚಳಿಯಲ್ಲಿ."
ಸ್ವಲ್ಪ ಹೊತ್ತು ನೋಡಿ
ತನ್ನ ಹೆಸರನ್ನೂ ದಿನಾಂಕವನ್ನೂ ಸೇರಿಸಿದ.

ನಾನು ಬೋರ್ಡನ್ನು ಒಳಗೆ ತಂದು
ಎರಡು ಅಂಗೈ ನಡುವೆ ಹಿಡಿದು ಕೂತೆ.
ಬೆಚ್ಚಗಾಗುವ ತನಕ
ಯಾರೂ ಅದನ್ನು ಏನೂ ಕೇಳಲಿಲ್ಲ.